ಎಂಟರ್ ಒತ್ತಿದಾಗ ಯಾವ ಸಾಲು: ಗ್ರಂದಿಗೆ ಅಂಗಡಿಯೊಂದರ ಬಿಲ್ಲಿಂಗ್ ತಂತ್ರಾಂಶದ ಹುಡುಕು ಪೆಟ್ಟಿಗೆ

ಹಿನ್ನೆಲೆ

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ನಗರ್ತಪೇಟೆಯ ಕಡೆಗೆ ಒಳಹೊಗುವ ಗಲ್ಲಿಯೊಂದರಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಒಂದು ಗ್ರಂದಿಗೆ ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ಈ ಅಧ್ಯಯನದ ವಿಷಯ. ಅಳಲೆಕಾಯಿ, ತಾರೆಕಾಯಿ, ಹಿಪ್ಪಲಿ, ಬಜೆ, ಲಾವಂಚದಂಥ ಬಿಡಿ ಮೂಲಿಕೆಗಳು, ಹೋಮದ ಸಾಮಗ್ರಿ, ಸೀಗೆಪುಡಿ, ಕರ್ಪೂರ, ಇವುಗಳ ಜೊತೆಗೆ ಬಾರ್‌ಕೋಡ್ ಇರುವ ಆಯುರ್ವೇದ ಕಂಪನಿಗಳ ಡಬ್ಬಿಗಳು, ಹೀಗೆ ಎಲ್ಲ ಸೇರಿ ಸಾವಿರಾರು ಬಾಬ್ತುಗಳನ್ನು ಅಲ್ಲಿ ಮಾರುತ್ತಾರೆ. ಬಿಡಿ ಸರಕಿಗೆ ಬಾರ್‌ಕೋಡ್ ಇರುವುದಿಲ್ಲ. ಅದನ್ನು ತೂಗಿ, ಪೊಟ್ಟಣ ಕಟ್ಟಿ, ಹೆಸರಿನಿಂದಲೇ ಹುಡುಕಿ ಬಿಲ್ಲಿಗೆ ಸೇರಿಸಬೇಕು. ಆದ್ದರಿಂದ ಪರದೆಯ ಮೇಲ್ಭಾಗದಲ್ಲಿರುವ ಹುಡುಕು ಪೆಟ್ಟಿಗೆಯ ಮೂಲಕವೇ ಅಂಗಡಿಯ ಇಡೀ ವ್ಯಾಪಾರ ಹಾದುಹೋಗುತ್ತದೆ ಎಂದರೆ ತಪ್ಪಾಗದು.

ತಂತ್ರಾಂಶವನ್ನು ಬೇರೊಬ್ಬರು ಕೆಲವು ವರ್ಷಗಳ ಹಿಂದೆ ಪೈಥಾನ್ ಭಾಷೆಯಲ್ಲಿ, ಜಿಟಿಕೆ 4 ಎಂಬ ವಿಜೆಟ್ ಸಂಗ್ರಹವನ್ನು (ಪೆಟ್ಟಿಗೆ, ಗುಂಡಿ, ಪಟ್ಟಿಯಂಥ ಪರದೆಯ ಸಿದ್ಧ ಘಟಕಗಳೇ ವಿಜೆಟ್) ಬಳಸಿ, ಲಿನಕ್ಸ್ ಗಣಕಕ್ಕಾಗಿ ಬರೆದುಕೊಟ್ಟಿದ್ದರು. ಮೇಲೆ ಹುಡುಕು ಪೆಟ್ಟಿಗೆ, ಅದರ ಕೆಳಗೆ ಬಾಬ್ತುಗಳ ಪಟ್ಟಿ, ಬಲಗಡೆ ಬಿಲ್ಲು. ರಚನೆ ಅಚ್ಚುಕಟ್ಟಾಗಿಯೇ ಇತ್ತು. ಲೆಕ್ಕಪತ್ರ ನೋಡಿಕೊಳ್ಳುವ ಮಾಲೀಕರ ಮಗಳು ನನ್ನನ್ನು ಕರೆಸಿದ್ದು ಎರಡು ದೂರುಗಳಿಗಾಗಿ. ಒಂದು, ಗಿರಾಕಿ ಕೇಳದ ವಸ್ತು ಒಮ್ಮೊಮ್ಮೆ ಬಿಲ್ಲಿನಲ್ಲಿ ಬಂದುಬಿಡುತ್ತಿತ್ತು. ಇನ್ನೊಂದು, ಕೌಂಟರಿನ ಹಳಬರು ಹುಡುಕು ಪೆಟ್ಟಿಗೆಯನ್ನೇ ಬಿಟ್ಟು, ತಾವು ಬಾಯಿಪಾಠ ಮಾಡಿಕೊಂಡ ಬಾಬ್ತಿನ ಸಂಖ್ಯೆಯನ್ನು ಹೊಡೆಯುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರನ್ನು ಕಾರಣ ಕೇಳಿದ್ದಕ್ಕೆ, "ಅದು ಹುಡುಕೋ ಹೊತ್ತಿಗೆ ನಾನು ಪೊಟ್ಟಣ ಕಟ್ಟಿ ದಾರ ಸುತ್ತಿರ್ತೀನಿ ಸಾರ್, ಹುಡುಕಿದ್ರೂ ಸಿಗೋದು ಗ್ಯಾರಂಟಿ ಇಲ್ಲ" ಎಂದರು. ಮೊದಲ ದೂರು ವಿಜೆಟ್‌ನ ಸಿಗ್ನಲ್‌ಗಳಿಗೆ, ಅಂದರೆ ಏನಾದರೂ ನಡೆದಾಗ ಅದು ತಂತ್ರಾಂಶಕ್ಕೆ ಕಳುಹಿಸುವ ಸೂಚನೆಗಳಿಗೆ, ಸಂಬಂಧಿಸಿದ್ದು, ಎರಡನೆಯದು ಬಹುಪಾಲು ಕನ್ನಡ ಲಿಪಿಗೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಪೆಟ್ಟಿಗೆ ಕಾರಣವೆಂದು ಕಂಡರೂ ಇವನ್ನು ಬೇರೆ ಬೇರೆಯಾಗಿಯೇ ಬಿಡಿಸಬೇಕಾಯಿತು.

ಯಾರೂ ಕೇಳದ ಅಂಜೂರ

ತಪ್ಪಾಗಿ ಸೇರಿದ ವಸ್ತುಗಳನ್ನು ಹಳೆಯ ಬಿಲ್ಲುಗಳಲ್ಲಿ ಗುರುತಿಸುತ್ತ ಹೋದಾಗ ಒಣ ಅಂಜೂರ ಮತ್ತೆ ಮತ್ತೆ ಎದುರಾಯಿತು. ಲೆಕ್ಕದ ಪ್ರಕಾರ ಅಂಜೂರ ಖರ್ಚಾಗಿತ್ತು, ಡಬ್ಬದಲ್ಲಿ ಹಾಗೆಯೇ ಇತ್ತು. ಬಾಬ್ತುಗಳ ಪಟ್ಟಿ ಅಕಾರಾದಿಯಾಗಿ ಜೋಡಣೆಯಾಗಿತ್ತು. ಯೂನಿಕೋಡ್ ಕ್ರಮದಲ್ಲಿ, ಅಂದರೆ ಗಣಕವು ಅಕ್ಷರಗಳಿಗೆ ಬಳಸುವ ಸಂಕೇತಗಳ ಕ್ರಮದಲ್ಲಿ, ಅನುಸ್ವಾರವು ವ್ಯಂಜನಗಳಿಗಿಂತ ಮೊದಲು ಬರುವುದರಿಂದ ಅಂಜೂರವು ಅಕ್ಕಲಕರೆಗಿಂತಲೂ ಅಗರುವಿಗಿಂತಲೂ ಮೇಲೆ, ಅಂದರೆ ಇಡೀ ಪಟ್ಟಿಯ ಮೊದಲ ಸಾಲಿನಲ್ಲಿತ್ತು. ಏನನ್ನೂ ಹುಡುಕದಿರುವಾಗ ಪಟ್ಟಿಯ ತುದಿಯಲ್ಲಿರುವ ವಸ್ತುವೇ ಬಿಲ್ಲಿಗೆ ನುಗ್ಗುತ್ತಿದೆ ಎಂದ ಮೇಲೆ ದೋಷ ಎಲ್ಲಿರಬಹುದೆಂಬುದು ಹೆಚ್ಚುಕಡಿಮೆ ಸ್ಪಷ್ಟವಾಯಿತು. ಇನ್ನುಳಿದ ತಪ್ಪುಗಳಲ್ಲಿ ಬಂದಿದ್ದ ವಸ್ತು ಹಿಂದಿನ ಹುಡುಕಾಟದ್ದಾಗಿತ್ತು.

ಜಿಟಿಕೆಯಲ್ಲಿ ಸಾಮಾನ್ಯ ಪಠ್ಯಪೆಟ್ಟಿಗೆಯಲ್ಲದೆ ಹುಡುಕಾಟಕ್ಕೆಂದೇ ‘ಸರ್ಚ್ ಎಂಟ್ರಿ’ ಎಂಬ ವಿಜೆಟ್ ಇದೆ. 2012ರ 3.6ನೇ ಆವೃತ್ತಿಯಲ್ಲಿ ಇದು ಬಂದಿತು. ಭೂತಗನ್ನಡಿಯ ಚಿಹ್ನೆ, ಅಳಿಸುವ ಚಿಹ್ನೆ, ಖಾಲಿ ಇದ್ದಾಗ ಮಸುಕಾಗಿ ಕಾಣುವ ಸೂಚನಾ ಪಠ್ಯ, ಇವೆಲ್ಲ ಅದರೊಂದಿಗೇ ಬರುತ್ತವೆ. ಆದರೆ ಅದರ ನಿಜವಾದ ವೈಶಿಷ್ಟ್ಯವಿರುವುದು ‘ಸರ್ಚ್-ಚೇಂಜ್ಡ್’ ಎಂಬ ಸಿಗ್ನಲ್‌ನಲ್ಲಿ. ಪಠ್ಯ ಬದಲಾದ ಕೂಡಲೇ ಈ ಸಿಗ್ನಲ್ ಹೊರಡುವುದಿಲ್ಲ. ಕೊನೆಯ ಕೀ ಒತ್ತಿದ ಮೇಲೆ 150 ಮಿಲಿಸೆಕೆಂಡು ಸುಮ್ಮನಿದ್ದು, ಅಷ್ಟರಲ್ಲಿ ಇನ್ನೊಂದು ಕೀ ಬಂದರೆ ಮತ್ತೆ ಮೊದಲಿನಿಂದ ಕಾದು, ಬೆರಳು ನಿಂತಿದೆ ಎನಿಸಿದಾಗ ಮಾತ್ರ ಹೊರಡುತ್ತದೆ. ಪ್ರತಿ ಅಕ್ಷರಕ್ಕೂ ಪಟ್ಟಿಯನ್ನು ಸೋಸುತ್ತ ಕೂರುವ ಶ್ರಮ ಇದರಿಂದ ತಪ್ಪುತ್ತದೆ. ಈ ವಿಳಂಬವನ್ನು ಬದಲಾಯಿಸಲು 4.8ನೇ ಆವೃತ್ತಿಯಿಂದ ‘ಸರ್ಚ್-ಡಿಲೇ’ ಎಂಬ ಗುಣವೂ ಇದೆ. ಪೆಟ್ಟಿಗೆ ಪೂರ್ತಿ ಖಾಲಿಯಾದಾಗ ಮಾತ್ರ ವಿಜೆಟ್ ಕಾಯದೆ ಸಿಗ್ನಲ್ ಕಳುಹಿಸುತ್ತದೆ.

ಎಂಟರ್ ಕೀಗೆ ಸಂಬಂಧಿಸಿದ ‘ಆಕ್ಟಿವೇಟ್’ ಸಿಗ್ನಲ್‌ಗೆ ಇಂಥ ಯಾವ ವಿಳಂಬವೂ ಇಲ್ಲ, ಅದು ಒತ್ತಿದ ಕ್ಷಣವೇ ಹೊರಡುತ್ತದೆ. ಹಳೆಯ ತಂತ್ರಾಂಶದಲ್ಲಿ ‘ಸರ್ಚ್-ಚೇಂಜ್ಡ್’ ಬಂದಾಗ ಪಟ್ಟಿಯನ್ನು ಸೋಸುವುದು, ‘ಆಕ್ಟಿವೇಟ್’ ಬಂದಾಗ ಪಟ್ಟಿಯ ಮೊದಲ ಸಾಲನ್ನು ಬಿಲ್ಲಿಗೆ ಹಾಕುವುದು ಎಂದು ಬರೆಯಲಾಗಿತ್ತು. ಕೈಯಿಂದ ನಿಧಾನವಾಗಿ ಟೈಪ್ ಮಾಡುವವರೆಗೆ ಇದು ಸರಿಯಾಗಿಯೇ ನಡೆಯುತ್ತದೆ. ಬಾರ್‌ಕೋಡ್ ಸ್ಕ್ಯಾನರ್ ಗಣಕದ ಮಟ್ಟಿಗೆ ಇನ್ನೊಂದು ಕೀಲಿಮಣೆಯಷ್ಟೆ. 890ರಿಂದ ಶುರುವಾಗುವ ಹದಿಮೂರು ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೊಡೆದು, ಅದರ ಬೆನ್ನಿಗೇ ಎಂಟರ್ ಒತ್ತಿಬಿಡುತ್ತದೆ. ಆ ಎಂಟರ್ ಬರುವ ಹೊತ್ತಿಗೆ ವಿಜೆಟ್ ಇನ್ನೂ ಕಾಯುತ್ತಿರುತ್ತದೆ, ಪಟ್ಟಿ ಹಳೆಯದೇ ಇರುತ್ತದೆ. ಪೆಟ್ಟಿಗೆಯಲ್ಲಿ ಮೊದಲು ‘ಕರ್ಪೂರ’ ಎಂದಿದ್ದರೆ ಕರ್ಪೂರವೂ, ಏನೂ ಇಲ್ಲದಿದ್ದರೆ ಅಂಜೂರವೂ ಬಿಲ್ಲಿಗೆ ಬೀಳುತ್ತದೆ. ಆ ಬಳಿಕ ಒಂದು ರೆಪ್ಪೆ ಮಿಟುಕಿಸುವಷ್ಟರಲ್ಲಿ ಪಟ್ಟಿ ಸೋಸಿಕೊಂಡು ಸರಿಯಾದ ವಸ್ತುವನ್ನೇ ತೋರಿಸುತ್ತದೆ. ಕೌಂಟರಿನವರ ಕಣ್ಣಿಗೆ ಬೀಳುವುದು ಆ ಸರಿಯಾದ ಸಾಲು. ತಪ್ಪು ಹೋಗಿ ಕುಳಿತದ್ದು ಬಲಗಡೆಯ ಬಿಲ್ಲಿನಲ್ಲಿ. ದೂರು ಇಷ್ಟು ದಿನ ಯಾರ ಕೈಗೂ ಸಿಗದೆ ಉಳಿದದ್ದು ಇದೇ ಕಾರಣಕ್ಕೆ.

ವಿಳಂಬವನ್ನು 150ರಿಂದ ಹತ್ತಿಪ್ಪತ್ತಕ್ಕೆ ಇಳಿಸಿದರೆ ಸಾಲದೇ ಎಂಬ ಸಲಹೆ ಸಹಜವಾಗಿ ಬರುತ್ತದೆ. ನಾನು ಅದಕ್ಕೆ ಒಪ್ಪಲಿಲ್ಲ. ಹಾಗೆ ಮಾಡಿದರೆ ದೋಷ ಅಪರೂಪವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಮತ್ತು ಅಪರೂಪದ ದೋಷವನ್ನು ಹಿಡಿಯುವುದು ಪದೇ ಪದೇ ಆಗುವ ದೋಷವನ್ನು ಹಿಡಿಯುವುದಕ್ಕಿಂತ ಕಷ್ಟ. ವಿಳಂಬವಿಲ್ಲದ ‘ಚೇಂಜ್ಡ್’ ಸಿಗ್ನಲ್‌ಗೆ ಹೋಗುವುದು ಇನ್ನೊಂದು ದಾರಿ. ಸಾವಿರಾರು ಸಾಲುಗಳ ಪಟ್ಟಿಗೆ ಅದೂ ನಡೆಯುತ್ತದೆ. ಆದರೆ ಮುಂದೆ ಯಾರಾದರೂ ಪಟ್ಟಿ ದೊಡ್ಡದಾಯಿತೆಂದು ಫಿಲ್ಟರ್ ಮಾದರಿಯ ‘ಇನ್‌ಕ್ರಿಮೆಂಟಲ್’ ಆಯ್ಕೆಯನ್ನು ಚಾಲೂ ಮಾಡಿದರೆ ಸೋಸುವ ಕೆಲಸ ತುಂಡು ತುಂಡಾಗಿ, ಬಿಡುವು ಸಿಕ್ಕಂತೆ ನಡೆಯಲು ತೊಡಗಿ, ಅಂಜೂರ ಮತ್ತೆ ಬಿಲ್ಲಿಗೆ ಬರುತ್ತದೆ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದು ಒಂದು ವಿಚಾರ, ಯಾವ ವಸ್ತುವಿಗೆ ಹಣ ಕಟ್ಟಿಸಿಕೊಳ್ಳುತ್ತೇವೆ ಎಂಬುದು ಬೇರೆಯದೇ ವಿಚಾರ, ಎರಡನೆಯದನ್ನು ಮೊದಲನೆಯದರಿಂದ ಓದಿಕೊಳ್ಳಬಾರದು ಎಂದು ನಿರ್ಧರಿಸಿದೆ.

ಹೀಗಾಗಿ ‘ಸರ್ಚ್-ಚೇಂಜ್ಡ್’ ಪಟ್ಟಿಯನ್ನು ತೋರಿಸುವ ಕೆಲಸಕ್ಕಷ್ಟೇ ಉಳಿಯಿತು. ‘ಆಕ್ಟಿವೇಟ್’ ಬಂದಾಗ ತಂತ್ರಾಂಶವು ಪಟ್ಟಿಯ ಕಡೆ ತಿರುಗಿಯೂ ನೋಡದೆ, ಪೆಟ್ಟಿಗೆಯಲ್ಲಿ ಆ ಕ್ಷಣ ಇರುವ ಪಠ್ಯವನ್ನು ತೆಗೆದುಕೊಂಡು, ಬಾಬ್ತುಗಳ ದತ್ತಾಂಶದಲ್ಲಿ ನೇರವಾಗಿ ಹುಡುಕುತ್ತದೆ. ಬಾರ್‌ಕೋಡ್ ಅಥವಾ ಬಾಬ್ತಿನ ಸಂಖ್ಯೆ ಪೂರ್ತಿ ಹೊಂದಿದರೆ ವಸ್ತು ಬಿಲ್ಲಿಗೆ ಸೇರುತ್ತದೆ. ಬರೆದ ಹೆಸರು ಒಂದೇ ಒಂದು ವಸ್ತುವಿನ ಹೆಸರಿಗೆ ಅಕ್ಷರಶಃ ಸರಿಹೊಂದಿದರೂ ಸೇರುತ್ತದೆ. ಉಳಿದ ಯಾವ ಸಂದರ್ಭದಲ್ಲೂ ಎಂಟರ್ ಒತ್ತಿದರೆ ಆಯ್ಕೆಯ ಗುರುತು ಪಟ್ಟಿಯ ಮೊದಲ ಸಾಲಿಗೆ ಇಳಿಯುತ್ತದೆ, ಅಷ್ಟೆ. ಅದನ್ನು ಕಣ್ಣಾರೆ ನೋಡಿ ಎರಡನೆಯ ಬಾರಿ ಎಂಟರ್ ಒತ್ತಿದರೆ ಮಾತ್ರ ಬಿಲ್ಲಿಗೆ ಹೋಗುತ್ತದೆ. ಎರಡು ಸಲ ಒತ್ತುವುದು ತಡವಾದೀತೆಂದು ಕೌಂಟರಿನವರು ಮೊದಮೊದಲು ಗೊಣಗಿದ್ದುಂಟು. ತೂಕದ ತಕ್ಕಡಿಯ ಮುಂದೆ ನಿಂತವರಿಗೆ ಆ ಗೊಣಗಾಟ ನ್ಯಾಯವಾದದ್ದೇ, ಆದರೂ ನಾನು ಇದನ್ನು ಬದಲಿಸಲಿಲ್ಲ.

ಬೇರೆ ವಿಜೆಟ್ ಸಂಗ್ರಹಗಳನ್ನು ಬಳಸುವವರಿಗೆ ಒಂದು ಮಾತು. ಕ್ಯೂಟಿಯ ಸಾಮಾನ್ಯ ಪಠ್ಯಪೆಟ್ಟಿಗೆಗೆ ಅಳಿಸುವ ಗುಂಡಿಯನ್ನು ಸೇರಿಸಿಕೊಳ್ಳಬಹುದು, ಆದರೆ ವಿಳಂಬ ಬೇಕಿದ್ದರೆ ಟೈಮರನ್ನು ನಾವೇ ಇಡಬೇಕು. ಡಬ್ಲ್ಯೂಎಕ್ಸ್ ಸಂಗ್ರಹದ ‘ಸರ್ಚ್ ಕಂಟ್ರೋಲ್’ ಹುಡುಕುವ ಮತ್ತು ರದ್ದು ಮಾಡುವ ಗುಂಡಿಗಳನ್ನು ಕೊಡುತ್ತದೆ, ಸಮಯದ ಲೆಕ್ಕ ನಮ್ಮದೇ. ವಿಳಂಬವನ್ನು ಯಾರೇ ಇಟ್ಟಿರಲಿ, ಎಂಟರ್ ಅದಕ್ಕಿಂತ ಮೊದಲು ಬರಬಹುದು.

ಸೀಗೆಕಾಯಿ ಸಿಗದ ಕಾರಣಗಳು

ಎರಡನೆಯ ದೂರಿಗೆ ಒಂದೇ ಕಾರಣವಿರಲಿಲ್ಲ. ಕೌಂಟರಿನಲ್ಲಿ ಮೂರು ಬಗೆಯಾಗಿ ಟೈಪ್ ಮಾಡುವವರಿದ್ದರು. ಹಿರಿಯರು ನುಡಿ ತಂತ್ರಾಂಶದಲ್ಲಿ ಕಲಿತ ಕ.ಗ.ಪ. (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸದವರು. ಹುಡುಗರು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಲಿಪ್ಯಂತರದ ವಿನ್ಯಾಸದವರು. ಮಾಲೀಕರ ಮಗಳು ರೋಮನ್ ಅಕ್ಷರಗಳಲ್ಲೇ ಬರೆದು ಹುಡುಕುವವರು. ಒಬ್ಬರಿಗೆ ಸಿಕ್ಕ ವಸ್ತು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ.

ಲಿಪ್ಯಂತರದವರ ತೊಡಕು ಎಲ್ಲಕ್ಕಿಂತ ವಿಚಿತ್ರವಾಗಿತ್ತು. ಅವರು ಟೈಪ್ ಮಾಡುತ್ತಿರುವಾಗ ಕೊನೆಯ ಅಕ್ಷರ ಅಡಿಗೆರೆಯೊಂದಿಗೆ ತೂಗಾಡುತ್ತಿರುತ್ತದೆ. ಮುಂದೆ ಸ್ವರ ಬರುತ್ತದೋ ಒತ್ತು ಬರುತ್ತದೋ ಎಂದು ಇನ್‌ಪುಟ್ ವ್ಯವಸ್ಥೆ ಕಾಯುತ್ತಿರುತ್ತದೆ. ಈ ಹಂತದ ಪಠ್ಯಕ್ಕೆ ‘ಪ್ರಿಎಡಿಟ್’ ಎನ್ನುತ್ತಾರೆ. ಅದು ಕಣ್ಣಿಗೆ ಪೆಟ್ಟಿಗೆಯೊಳಗೇ ಕಂಡರೂ ಪೆಟ್ಟಿಗೆಯ ಪಠ್ಯದಲ್ಲಿ ಇನ್ನೂ ಸೇರಿರುವುದಿಲ್ಲ, ಆದ್ದರಿಂದ ‘ಸರ್ಚ್-ಚೇಂಜ್ಡ್’ ಸಿಗ್ನಲ್ ಹೊರಡುವುದಿಲ್ಲ. ‘ಬಜೆ’ ಎಂದು ಬರೆದವರಿಗೆ ‘ಬ’ ಇರುವ ಪಟ್ಟಿ ಮಾತ್ರ ಕಾಣುತ್ತಿತ್ತು. ಹುಡುಕಾಟ ಯಾವಾಗಲೂ ಒಂದಕ್ಷರ ಹಿಂದೆ. ಅದನ್ನು ಮುಂದಕ್ಕೆ ದೂಡಲೆಂದು ಹುಡುಗರು ಸ್ಪೇಸ್ ಬಾರ್ ಒತ್ತುವುದನ್ನು ರೂಢಿಸಿಕೊಂಡಿದ್ದರು. ಆಗ ಪಠ್ಯದ ಕೊನೆಗೊಂದು ಖಾಲಿ ಜಾಗ ಸೇರಿ, ‘ಬಜೆ’ಯ ಮುಂದೆ ಖಾಲಿ ಜಾಗವಿರುವ ಹೆಸರು ಬೇಕೆಂದು ತಂತ್ರಾಂಶ ತಿಳಿಯುತ್ತಿತ್ತು.

ಜಿಟಿಕೆ 4ರಲ್ಲಿ ಸರ್ಚ್ ಎಂಟ್ರಿಯು ಹಿಂದಿನಂತೆ ಸಾಮಾನ್ಯ ಎಂಟ್ರಿಯ ವಂಶಕ್ಕೆ ಸೇರಿದ್ದಲ್ಲ. ಅದರ ಹೊಟ್ಟೆಯಲ್ಲಿ ‘ಟೆಕ್ಸ್ಟ್’ ಎಂಬ ಇನ್ನೊಂದು ವಿಜೆಟ್ ಇದ್ದು, ನಿಜವಾದ ಪಠ್ಯವನ್ನು ಅದೇ ನೋಡಿಕೊಳ್ಳುತ್ತದೆ. ‘ಗೆಟ್-ಡೆಲಿಗೇಟ್’ ಎಂಬ ಕರೆಯ ಮೂಲಕ ಅದನ್ನು ಹೊರತೆಗೆದು, ಅದರ ‘ಪ್ರಿಎಡಿಟ್-ಚೇಂಜ್ಡ್’ ಸಿಗ್ನಲ್‌ಗೆ ಕಿವಿಗೊಟ್ಟರೆ ತೂಗಾಡುತ್ತಿರುವ ಅಕ್ಷರವೂ ನಮ್ಮ ಕೈಗೆ ಸಿಗುತ್ತದೆ. ಪಟ್ಟಿಯನ್ನು ತೋರಿಸಲು ಈಗ ಪೆಟ್ಟಿಗೆಯ ಪಠ್ಯವನ್ನೂ ಪ್ರಿಎಡಿಟ್ ಪಠ್ಯವನ್ನೂ ಕರ್ಸರ್ ಇರುವ ಜಾಗದಲ್ಲಿ ಕೂಡಿಸಿ ಬಳಸಲಾಗುತ್ತಿದೆ. ಬಿಲ್ಲಿಗೆ ಸೇರಿಸುವ ತೀರ್ಮಾನಕ್ಕೆ ಮಾತ್ರ ಪೆಟ್ಟಿಗೆಯಲ್ಲಿ ನೆಲೆನಿಂತ ಪಠ್ಯವೇ ಆಧಾರ. ಹುಡುಕುವ ಮುನ್ನ ಹಿಂದು ಮುಂದಿನ ಖಾಲಿ ಜಾಗಗಳನ್ನು ಕತ್ತರಿಸಲಾಗುತ್ತದೆ.

ಅಲ್ಲಿಗೆ ಇನ್ನೊಂದು ತೊಡಕು ಕಾದಿತ್ತು. ಲಿಪ್ಯಂತರದಲ್ಲಿ ಬರೆಯುವವರು ‘ಸೀಗೆ’ಯ ನಡುವೆ ನಿಂತಾಗ ಪರದೆಯ ಮೇಲಿರುವುದು ‘ಸೀಗ್’, ಅಂದರೆ ಹಲಂತ. ಕ.ಗ.ಪ. ವಿನ್ಯಾಸದವರು ಅದೇ ಜಾಗದಲ್ಲಿ ನಿಂತಾಗ ಇರುವುದು ‘ಸೀಗ’. ಗಣಕದ ಲೆಕ್ಕದಲ್ಲಿ ‘ಸೀಗೆ’ ಎಂದರೆ ‘ಸೀಗ’ದ ಮುಂದೆ ಎಕಾರದ ಚಿಹ್ನೆ, ಹಾಗಾಗಿ ‘ಸೀಗ’ ಎಂದು ಹುಡುಕಿದರೆ ಸೀಗೆಕಾಯಿ ಸಿಗುತ್ತದೆ. ‘ಸೀಗ್’ ಎಂದರೆ ‘ಸೀಗ’ದ ಮುಂದೆ ವಿರಾಮದ ಚಿಹ್ನೆ (ವ್ಯಂಜನದಲ್ಲಿ ಸ್ವರವಿಲ್ಲವೆಂದು ತೋರಿಸುವ ಗುರುತು), ಅದು ಸೀಗೆಕಾಯಿಯಲ್ಲಿ ಎಲ್ಲೂ ಇಲ್ಲ. ಕೊನೆಯ ವಿರಾಮವನ್ನು ಕಿತ್ತುಹಾಕಿದರೆ ಈ ತೊಂದರೆ ತಪ್ಪುತ್ತದೆ.

ದತ್ತಾಂಶದ ಕಡೆಯೂ ಸಮಸ್ಯೆಗಳಿದ್ದವು. ಬಾಬ್ತುಗಳ ಮೂಲ ಪಟ್ಟಿ ಹಿಂದೊಮ್ಮೆ ಯೂನಿಕೋಡ್ ಬಳಸದ ಹಳೆಯ ಬಗೆಯ ಆನ್ಸಿ ಫಾಂಟ್‌ನಲ್ಲಿದ್ದು, ಪರಿವರ್ತಕವೊಂದರ ಮೂಲಕ ಯೂನಿಕೋಡ್‌ಗೆ ಬಂದಿತ್ತು. ಒಕಾರ, ಓಕಾರಗಳು ಕೆಲವೆಡೆ ಒಂದೇ ಸಂಕೇತವಾಗಿಯೂ, ಕೆಲವೆಡೆ ಎಕಾರ ಮತ್ತು ಊಕಾರದ ತುಂಡುಗಳಾಗಿಯೂ ಉಳಿದಿದ್ದವು. ಕಣ್ಣಿಗೆ ಎರಡೂ ಒಂದೇ. ಜಿಟಿಕೆಯ ಸಿದ್ಧ ‘ಸ್ಟ್ರಿಂಗ್ ಫಿಲ್ಟರ್’ ಹೋಲಿಸುವ ಮುನ್ನ ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್ ಸಾಮಾನ್ಯೀಕರಣಕ್ಕೆ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ಕ್ರಮ) ಒಳಪಡಿಸುವುದರಿಂದ ಈ ವ್ಯತ್ಯಾಸ ಹಳೆಯ ತಂತ್ರಾಂಶದಲ್ಲೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆ ಕೊಟ್ಟದ್ದು ಕಾಣದ ಸಂಕೇತಗಳು. ‘ಟೂತ್‌ಪೌಡರ್’ ಎಂಬಲ್ಲಿ ತ ಮತ್ತು ಪ ಒತ್ತಾಗಿ ಬೆಸೆಯದಂತೆ ನಡುವೆ ಇಡುವ ಜೀರೋ ವಿಡ್ತ್ ನಾನ್ ಜಾಯ್ನರ್ ಅಂಥದ್ದು. ಸಾಮಾನ್ಯೀಕರಣ ಅದನ್ನು ಮುಟ್ಟುವುದಿಲ್ಲ. ಪಟ್ಟಿಯಲ್ಲಿ ಅದು ಇದ್ದು, ಹುಡುಕುವವರು ಅದನ್ನು ಒತ್ತದಿದ್ದರೆ ಹೆಸರು ಸಿಗದು. ಕನ್ನಡ ಅಂಕಿಗಳ ಕಥೆಯೂ ಹೀಗೆಯೇ. ‘೧೦೦ ಗ್ರಾಂ’ ಮತ್ತು ‘100 ಗ್ರಾಂ’ ಬೇರೆ ಬೇರೆಯೆಂದೇ ಗಣಕ ತಿಳಿಯುತ್ತದೆ.

ಇಷ್ಟೆಲ್ಲ ಸರಿಪಡಿಸಿದರೂ ಮನುಷ್ಯರ ಬರಹದ ವ್ಯತ್ಯಾಸ ಉಳಿಯುತ್ತದೆ. ಸೀಗೆಕಾಯಿ, ಶೀಗೆಕಾಯಿ, ಸೀಗೇಕಾಯಿ. ಜ್ಯೇಷ್ಠಮಧು, ಜೇಷ್ಠಮಧು, ಜೇಷ್ಟಮದು. ಸಿದ್ಧ ಫಿಲ್ಟರನ್ನು ಬಿಟ್ಟು, ಪ್ರತಿ ಹೆಸರಿಗೂ ಮೊದಲೇ ಒಂದು ‘ಹುಡುಕು ಕೀಲಿ’ಯನ್ನು ಸಿದ್ಧಪಡಿಸಿಡುವ ದಾರಿಯನ್ನು ಹಿಡಿದದ್ದು ಇದಕ್ಕಾಗಿ. ಹೆಸರನ್ನು ರೋಮನ್ ಅಕ್ಷರಗಳಿಗೆ ಇಳಿಸಿ, ಹ್ರಸ್ವ ದೀರ್ಘಗಳನ್ನು ಒಂದು ಮಾಡಿ, ಮಹಾಪ್ರಾಣಗಳನ್ನು ಅಲ್ಪಪ್ರಾಣಕ್ಕೆ ತಂದು, ಶ ಷ ಸಗಳನ್ನು ಒಂದಾಗಿಸಿ, ಖಾಲಿ ಜಾಗ ಮತ್ತು ಕಾಣದ ಸಂಕೇತಗಳನ್ನು ತೆಗೆದುಹಾಕಲಾಯಿತು. ‘ಪಚ್ಚೆ ಕರ್ಪೂರ’, ‘ಪಚ್ಚೆಕರ್ಪೂರ’ ಎರಡೂ ಒಂದೇ ಕೀಲಿಯಾದವು. ರೋಮನ್‌ನಲ್ಲಿ ಬರೆದು ಹುಡುಕುವವರ ಪಠ್ಯವನ್ನೂ ಇದೇ ಗಾಣಕ್ಕೆ ಹಾಕಿದರೆ ಅವರಿಗೂ ಅದೇ ಪಟ್ಟಿ ಸಿಗುತ್ತದೆ.

ಆದರೆ ಈ ಕೀಲಿಯಲ್ಲೊಂದು ಸೂಕ್ಷ್ಮವಿದೆ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕನ್ನಡ ಲಿಪಿಯಲ್ಲಿ ‘ಸೀಗ’ ಎಂಬುದು ‘ಸೀಗೆ’ಯ ಆರಂಭದ ತುಂಡು. ರೋಮನ್‌ಗೆ ಇಳಿಸಿದ ಮೇಲೆ ಹಾಗಲ್ಲ, ಏಕೆಂದರೆ ‘ಗ’ದೊಳಗಿದ್ದ ಅಕಾರ ಹೊರಗೆ ಬಂದು ಪ್ರತ್ಯೇಕ ಅಕ್ಷರವಾಗಿ ನಿಲ್ಲುತ್ತದೆ, ‘ಗೆ’ಯಲ್ಲಿ ಆ ಜಾಗದಲ್ಲಿ ಎಕಾರವಿರುತ್ತದೆ. ಹೀಗಾಗಿ ಕ.ಗ.ಪ.ದವರು ‘ಸೀಗ’ ಎಂದು ಬರೆದ ಕೂಡಲೇ ಸೀಗೆಕಾಯಿ ಪಟ್ಟಿಯಿಂದ ಮಾಯವಾಗಿ, ‘ಸೀಗೆ’ ಆದ ಮೇಲೆ ಮತ್ತೆ ಬರಬೇಕಾಗುತ್ತದೆ. ಜಿಟಿಕೆಯ ಫಿಲ್ಟರ್ ಬದಲಾದಾಗ ಅದು ಹೇಗೆ ಬದಲಾಯಿತೆಂದು ಪಟ್ಟಿಗೆ ತಿಳಿಸುವ ಅವಕಾಶವಿದೆ. ‘ಇನ್ನಷ್ಟು ಬಿಗಿಯಾಯಿತು’ ಎಂದು ತಿಳಿಸಿದರೆ ಪಟ್ಟಿಯು ಈಗಾಗಲೇ ಒಳಗಿರುವ ಸಾಲುಗಳನ್ನಷ್ಟೇ ಮರುಪರೀಕ್ಷೆ ಮಾಡುತ್ತದೆ, ಹೊರಗೆ ಬಿದ್ದವನ್ನು ಮತ್ತೆ ಕರೆಯುವುದಿಲ್ಲ. ಅಕ್ಷರ ಸೇರುತ್ತ ಹೋದಂತೆ ಹುಡುಕಾಟ ಬಿಗಿಯಾಗುತ್ತದೆ ಎಂಬುದು ಇಂಗ್ಲಿಷಿಗೆ ಸರಿ. ಈ ಕೀಲಿಯ ಮಟ್ಟಿಗೆ ಅದನ್ನು ನಂಬಿ ಹಾಗೆ ತಿಳಿಸಿದರೆ ಸೀಗೆಕಾಯಿ ಒಮ್ಮೆ ಹೋದದ್ದು ಹೋಗಿಯೇಬಿಡುತ್ತದೆ. ಪರಿಹಾರ ಎರಡು ಭಾಗದ್ದು. ಹುಡುಕುವ ಪಠ್ಯ ಸ್ವರಚಿಹ್ನೆಯಿಲ್ಲದ ಕನ್ನಡ ವ್ಯಂಜನದಿಂದ ಮುಗಿದರೆ ಅದರ ಕೊನೆಯ ಅಕಾರವನ್ನು ಕೀಲಿಗೆ ಸೇರಿಸುವುದಿಲ್ಲ, ಆಗ ‘ಸೀಗ’, ‘ಸೀಗ್’ ಎರಡೂ ಒಂದೇ ಕೀಲಿಗೆ ಬರುತ್ತವೆ. ಅದರ ಮೇಲೆ, ಬದಲಾವಣೆಯನ್ನು ಯಾವಾಗಲೂ ‘ಬೇರೆಯಾಯಿತು’ ಎಂದೇ ತಿಳಿಸಿ, ಇಡೀ ಪಟ್ಟಿಯನ್ನು ಮೊದಲಿನಿಂದ ಸೋಸಲಾಗುತ್ತದೆ. ಕೀಲಿಗಳು ಮೊದಲೇ ಸಿದ್ಧವಿರುವುದರಿಂದ ಇಷ್ಟು ಗಾತ್ರದ ಪಟ್ಟಿಗೆ ಇದರಿಂದ ತಡವೇನೂ ಆಗುವುದಿಲ್ಲ.

ಎಷ್ಟರ ಮಟ್ಟಿಗೆ ಅಕ್ಷರಗಳನ್ನು ಒಂದಾಗಿಸಬಹುದು ಎಂಬ ಬಗ್ಗೆ ಮಾಲೀಕರೊಡನೆ ಚರ್ಚೆಯೇ ನಡೆಯಿತು. ಪದದ ಮೊದಲಿನ ಹಕಾರವನ್ನೂ ಬಿಟ್ಟುಬಿಡೋಣ, ನಮ್ಮ ಹುಡುಗರ ಬಾಯಲ್ಲಿ ಅದು ಬರುವುದೇ ಇಲ್ಲ ಎಂಬುದು ಅವರ ವಾದ. ಹಾಗೆ ಮಾಡಿದರೆ ಇಂಗು, ಹಿಂಗು ಒಂದಾಗುತ್ತವೆ ನಿಜ. ಅದರೊಂದಿಗೆ ಪೂಜೆಗೆ ಬಳಸುವ ಅರಳು ಮತ್ತು ಎಣ್ಣೆ ತೆಗೆಯುವ ಹರಳು ಕೂಡ ಒಂದಾಗುತ್ತವೆ. ಪಟ್ಟಿಯಲ್ಲಿ ಎರಡೂ ಕಂಡರೆ ಆರಿಸಿಕೊಳ್ಳಬಹುದು ಎಂಬ ಸಮಾಧಾನವಿದ್ದರೂ, ನೂಕುನುಗ್ಗಲಿನ ಹೊತ್ತಿನಲ್ಲಿ ಆ ಭರವಸೆ ಸಾಲದು. ಹಕಾರ ಉಳಿಯಿತು. ಪಟ್ಟಿಯ ಕ್ರಮವನ್ನೂ ಬದಲಿಸಲಾಯಿತು: ಬರೆದಂತೆಯೇ ಶುರುವಾಗುವ ಹೆಸರುಗಳು ಮೊದಲು, ಬರೆದದ್ದು ನಡುವೆ ಬರುವ ಹೆಸರುಗಳು ಆಮೇಲೆ, ಕೀಲಿಯ ಮೂಲಕ ಮಾತ್ರ ಹೊಂದುವ ಹೆಸರುಗಳು ಕೊನೆಗೆ. ನಡುವೆ ಹುಡುಕುವಾಗ ಒತ್ತಕ್ಷರದಿಂದ ಹೊಂದಿಕೆ ಶುರುವಾಗದಂತೆ ನೋಡಿಕೊಳ್ಳಬೇಕಾಯಿತು, ಇಲ್ಲದಿದ್ದರೆ ‘ರೆ’ ಎಂದು ಬರೆದವರಿಗೆ ಜಾಪತ್ರೆಯ ‘ತ್ರೆ’ಯೂ ಹೊಂದುತ್ತದೆ.

ಹೊಂದಿದ ಭಾಗವನ್ನು ದಪ್ಪಕ್ಷರದಲ್ಲಿ ತೋರಿಸುವ ಆಸೆಯನ್ನು ಕೈಬಿಡಲಾಯಿತು. ಅಕ್ಷರದ ಮಧ್ಯೆ ಫಾಂಟ್ ಬದಲಾದರೆ ಸ್ವರಚಿಹ್ನೆ ತನ್ನ ವ್ಯಂಜನದಿಂದ ಕಳಚಿಕೊಂಡು, ಚುಕ್ಕಿಗಳ ವೃತ್ತದ ಮೇಲೆ ಕುಳಿತುಬಿಡುತ್ತದೆ.

ಕೀಲಿಮಣೆ

ಬಿಲ್ಲಿನಲ್ಲಿ ತೂಕ ತಿದ್ದಿದ ಮೇಲೆ ಮೌಸ್ ಹಿಡಿದು ಹುಡುಕು ಪೆಟ್ಟಿಗೆಗೆ ಮರಳುವುದು ಕೌಂಟರಿನವರಿಗೆ ತಲೆನೋವಾಗಿತ್ತು. ಸರ್ಚ್ ಎಂಟ್ರಿಗೆ ‘ಕೀ ಕ್ಯಾಪ್ಚರ್ ವಿಜೆಟ್’ ಎಂದು ಇಡೀ ವಿಂಡೋವನ್ನು ಗೊತ್ತುಮಾಡಿದರೆ, ಎಲ್ಲಿದ್ದರೂ ಟೈಪ್ ಮಾಡಲು ಶುರುಮಾಡಿದೊಡನೆ ಅಕ್ಷರಗಳು ಪೆಟ್ಟಿಗೆಗೆ ಹರಿಯುತ್ತವೆ. ತೂಕದ ಕೋಶದಲ್ಲಿ ಹೊಡೆದ ಅಂಕಿಯೂ ಅಲ್ಲಿಗೇ ಹೋದೀತೆಂಬ ಭಯ ಬೇಡ. ಹೆಸರಿನಲ್ಲಿ ಕ್ಯಾಪ್ಚರ್ ಎಂದಿದ್ದರೂ ಈ ವಿಜೆಟ್ ಕೀಗಳನ್ನು ಹಿಡಿಯುವುದು ಅವು ಒಳಗಿನಿಂದ ಮೇಲಕ್ಕೆ ಬರುವ ಹಂತದಲ್ಲಿ, ಆದ್ದರಿಂದ ತಿದ್ದಬಹುದಾದ ಕೋಶಕ್ಕೆ ಮೊದಲ ಹಕ್ಕು ಸಿಗುತ್ತದೆ. ಎಸ್ಕೇಪ್ ಒತ್ತಿದಾಗ ಹೊರಡುವ ‘ಸ್ಟಾಪ್-ಸರ್ಚ್’ ಸಿಗ್ನಲ್ ತಾನಾಗಿ ಪಠ್ಯವನ್ನು ಅಳಿಸುವುದಿಲ್ಲ, ಅಳಿಸುವ ಸಾಲನ್ನು ನಾವೇ ಬರೆಯಬೇಕು. ಕೆಳಬಾಣ ಮೇಲ್ಬಾಣಗಳು ಕರ್ಸರ್ ಪೆಟ್ಟಿಗೆಯಲ್ಲೇ ಇರುವಂತೆ ಪಟ್ಟಿಯ ಆಯ್ಕೆಯನ್ನು ಸರಿಸುತ್ತವೆ. ಪ್ರಿಎಡಿಟ್ ಬಾಕಿ ಇರುವಾಗ ಮಾತ್ರ ಅವನ್ನು ಇನ್‌ಪುಟ್ ವ್ಯವಸ್ಥೆಗೆ ಬಿಟ್ಟುಕೊಡಲಾಗಿದೆ.

ಪರ್ಯಾಯ ಹೆಸರುಗಳು

ಪೇಟೆಯ ಕೌಂಟರಿಗೆ ಕನ್ನಡವಷ್ಟೇ ಬರುವುದಿಲ್ಲ. ಅಳಲೆಕಾಯಿಯನ್ನು ಅಣಲೆಕಾಯಿ ಎನ್ನುವವರಿದ್ದಾರೆ, ತೆಲುಗಿನವರು ಕರಕ್ಕಾಯ ಎಂದೂ ತಮಿಳಿನವರು ಕಡುಕ್ಕಾಯ್ ಎಂದೂ ಹಿಂದಿಯವರು ಹರಡ್ ಎಂದೂ ಕೇಳುತ್ತಾರೆ. ಜ್ಯೇಷ್ಠಮಧುವನ್ನು ಅತಿಮಧುರ ಎನ್ನುವವರೂ ಮುಲೇಠಿ ಎನ್ನುವವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಅಕ್ಷರಗಳನ್ನು ಎಷ್ಟು ಅರೆದರೂ ಈ ಹೆಸರುಗಳು ಒಂದಾಗುವುದಿಲ್ಲ. ಇವಕ್ಕೆ ಪ್ರತ್ಯೇಕ ಪಟ್ಟಿಯೇ ಬೇಕು, ಮತ್ತು ಆ ಪಟ್ಟಿಯನ್ನು ನಾನು ಕುಳಿತು ಬರೆಯುವುದಕ್ಕಿಂತ ಕೌಂಟರಿನ ಹಿರಿಯರು ಹೇಳಿದಂತೆ ಬೆಳೆಸುವುದೇ ಸರಿ. ಆದ್ದರಿಂದ ಹುಡುಕಿದ್ದು ಸಿಗದಿದ್ದಾಗ ಖಾಲಿ ಪಟ್ಟಿಯ ಜಾಗದಲ್ಲಿ, ‘ಈ ಹೆಸರನ್ನು ಯಾವ ಬಾಬ್ತಿಗೆ ಸೇರಿಸಬೇಕು?’ ಎಂಬ ಗುಂಡಿ ಕಾಣುವಂತೆ ಮಾಡಲಾಯಿತು. ಪರ್ಯಾಯ ಹೆಸರಿನಿಂದ ಸಿಕ್ಕ ಸಾಲಿನಲ್ಲಿ ಮೂಲ ಹೆಸರಿನ ಕೆಳಗೆ ಆ ಹೆಸರೂ ಸಣ್ಣಕ್ಷರದಲ್ಲಿ ಬರುತ್ತದೆ, ‘ಮುಲೇಠಿ’ ಎಂದರೆ ಜ್ಯೇಷ್ಠಮಧು ಏಕೆ ಬಂತೆಂದು ಹೊಸ ಹುಡುಗನಿಗೂ ತಿಳಿಯಲೆಂದು.

ಇಲ್ಲಿ ಮಾಲೀಕರು ಎತ್ತಿದ ಆಕ್ಷೇಪಕ್ಕೆ ತೂಕವಿತ್ತು. ಮೂಲಿಕೆಗಳ ಲೋಕದಲ್ಲಿ ಒಂದೇ ಹೆಸರು ಎರಡು ಮೂರು ಗಿಡಗಳಿಗೆ ಸಲ್ಲುವುದುಂಟು. ಶಂಖಪುಷ್ಪಿ ಎಂದರೆ ಯಾವುದು ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ, ರಾಸ್ನೆಯದೂ ಅದೇ ಕಥೆ. ಕೌಂಟರಿನ ಹುಡುಗ ಅವಸರದಲ್ಲಿ ಒಂದು ಹೆಸರನ್ನು ಒಂದು ಬಾಬ್ತಿಗೆ ಗಂಟುಹಾಕಿಬಿಟ್ಟರೆ, ಮುಂದೆ ಚೀಟಿ ಹಿಡಿದು ಬಂದವರಿಗೆಲ್ಲ ಅದೇ ಹೋಗುತ್ತದೆ. ಹೀಗಾಗಿ ಪರ್ಯಾಯ ಹೆಸರಿನ ಪಟ್ಟಿಯಲ್ಲಿ ಒಂದು ಹೆಸರಿಗೆ ಹಲವು ಬಾಬ್ತುಗಳಿರಲು ಅವಕಾಶವಿದೆ. ಕೌಂಟರಿನಲ್ಲಿ ಸೇರಿಸಿದ ಹೆಸರು ಮಾಲೀಕರು ಒಪ್ಪುವವರೆಗೆ ‘ಬಾಕಿ’ ಎಂಬ ಗುರುತಿನೊಂದಿಗೇ ಕಾಣುತ್ತದೆ. ಪರ್ಯಾಯ ಹೆಸರು ಅಕ್ಷರಶಃ ಹೊಂದಿದರೂ, ಅದಕ್ಕೆ ಒಂದೇ ಬಾಬ್ತು ಇದ್ದರೂ, ಮೊದಲ ಎಂಟರ್‌ಗೆ ವಸ್ತು ಬಿಲ್ಲಿಗೆ ಸೇರುವುದಿಲ್ಲ. ಹಳೆಯ ತಪ್ಪು ಬಿಲ್ಲುಗಳಿಂದಾಗಿ ಲೆಕ್ಕದಲ್ಲಿ ಇಳಿದುಹೋಗಿದ್ದ ಅಂಜೂರವನ್ನು ಮಾಲೀಕರ ಮಗಳು ತೂಗಿ ನೋಡಿ ದಾಸ್ತಾನಿಗೆ ಮರಳಿ ಸೇರಿಸಿದರು. ಒಪ್ಪಿಗೆಗೆ ಕಾದಿರುವ ಹೆಸರುಗಳನ್ನು ಮಾಲೀಕರು ರಾತ್ರಿ ಗಲ್ಲಾ ಎಣಿಸುವ ಹೊತ್ತಿನಲ್ಲಿ ನೋಡುತ್ತಾರೆ, ಶಂಖಪುಷ್ಪಿಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.